ಮೈನಸ್ 28 ಅಂತಲೂ ಇದೆ, ಮೈನಸ್ 41 ಅಂತಲೂ ಇದೆ. ಯಾವುದನ್ನು ನಂಬೋದು?

ಹಾಸನದ_ಹೊಸಬ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಲ್ಲಿ ಕೆಲಸಕ್ಕೆ ಅಂತ ಕೆನಡಾದ ವಿನ್ನಿಪೆಗ್‌ಗೆ ಬಂದೆ. ಬಂದಾಗ ಊರು ಚೆನ್ನಾಗಿತ್ತು. ಹಳದಿ ಎಲೆ, ಸಂಜೆ ನದಿ ದಡದಲ್ಲಿ ವಾಕಿಂಗು. ಇದಕ್ಕಾ ಎಲ್ಲರೂ ಅಷ್ಟು ಹೆದರಿಸಿದ್ದು ಅಂದುಕೊಂಡಿದ್ದೆ. ಈಗ ಜನವರಿ. ಏನು ಹೇಳಲಿ.

ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಮೂರು ಹವಾಮಾನದ ಆಪ್ ಹಾಕಿಕೊಂಡಿದ್ದೇನೆ. ಮೊನ್ನೆ ಬೆಳಿಗ್ಗೆ ಒಂದು ಮೈನಸ್ 28 ಅಂದಿತು, ಇನ್ನೊಂದು ಮೈನಸ್ 24. ಮೂರನೆಯದು ಮೈನಸ್ 28 ತೋರಿಸಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 'ಫೀಲ್ಸ್ ಲೈಕ್ ಮೈನಸ್ 41' ಅಂತ ಹಾಕಿತ್ತು. ಮೂರರಲ್ಲೂ ದೊಡ್ಡ ಹಳದಿ ಸೂರ್ಯ. ಕಿಟಕಿಯಿಂದ ನೋಡಿದರೂ ಕಣ್ಣು ಕುಕ್ಕುವ ಬಿಸಿಲು. ಇಷ್ಟು ಬಿಸಿಲಲ್ಲಿ ಏನಾಗುತ್ತೆ ಅಂತ, ಬೆಂಗಳೂರಿನ ಅಂಗಡಿಯವನು 'ಇದು ಹಿಮಕ್ಕೇ ಮಾಡಿದ್ದು ಸರ್' ಅಂತ ಕೊಟ್ಟ ಜಾಕೆಟ್ ಹಾಕಿಕೊಂಡು, ಟೋಪಿ ಬ್ಯಾಗಲ್ಲೇ ಬಿಟ್ಟು ಬಸ್ ಸ್ಟಾಪಿಗೆ ಹೋದೆ. ಬಸ್ಸು 12 ನಿಮಿಷ ತಡ. ಐದು ನಿಮಿಷಕ್ಕೆ ಕಿವಿ ಉರಿಯೋಕೆ ಶುರುವಾಯಿತು. ಆಮೇಲೆ ಉರಿ ನಿಂತಿತು. ಸದ್ಯ, ಅಭ್ಯಾಸ ಆಯಿತು ಅಂತ ಖುಷಿಪಟ್ಟೆ. ಆಫೀಸಿಗೆ ಹೋದರೆ ಪಕ್ಕದ ಸೀಟಿನವರು ನನ್ನ ಕಿವಿ ನೋಡಿ ಹೌಹಾರಿಬಿಟ್ಟರು. ತುದಿ ಮೇಣದ ಹಾಗೆ ಬಿಳಿಚಿಕೊಂಡಿತ್ತಂತೆ. ಅಭ್ಯಾಸ ಅಲ್ಲ, ಮರಗಟ್ಟಿತ್ತು. ಫೋನು ಬೇರೆ 38 ಪರ್ಸೆಂಟ್ ಚಾರ್ಜ್ ಇರುವಾಗಲೇ ಆಫ್ ಆಗಿ ಕೂತಿತ್ತು.

ಇನ್ನು ಹತ್ತು ದಿನಕ್ಕೆ ಹೆಂಡತಿ ಮತ್ತು ಆರು ವರ್ಷದ ಮಗಳು ಬರುತ್ತಿದ್ದಾರೆ. ಆ ದಿನಕ್ಕೆ ಒಂದು ಆಪ್ ಮೈನಸ್ 12 ಅನ್ನುತ್ತಿದೆ, ಇನ್ನೊಂದು ಮೈನಸ್ 26. ಯಾವ ನಂಬರ್ ನೋಡಿ ಬಟ್ಟೆ ಹಾಕೋದು? ಎಷ್ಟು ದಿನ ಮುಂಚಿನ ಮುನ್ಸೂಚನೆ ನಂಬಬಹುದು? ಊರಲ್ಲಿ ಅಮ್ಮ ಕೂಡ ತನ್ನ ಫೋನಿಗೆ ವಿನ್ನಿಪೆಗ್ ಸೇರಿಸಿಕೊಂಡಿದ್ದಾಳೆ. ದಿನಾ ಬೆಳಿಗ್ಗೆ ಫೋನ್ ಮಾಡಿ 'ಮೈನಸ್ 41 ಅಂತಲ್ಲೋ, ಬದುಕಿದ್ದೀಯೇನೋ' ಅಂತ ಕೇಳುತ್ತಾಳೆ. ಅವಳಿಗೂ ಒಂದು ಉತ್ತರ ಬೇಕು.

ಮ್ಯಾನಿಟೋಬ_ಮಾವ:

ಮೊದಲು ಕಿವಿ ಹೇಗಿದೆ ಹೇಳಿ. ಗುಳ್ಳೆ ಬಂದಿದ್ದರೆ ಅಥವಾ ಬಣ್ಣ ಕಪ್ಪಾಗುತ್ತಿದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ನನಗಿದು ವಿನ್ನಿಪೆಗ್‌ನಲ್ಲಿ ಹದಿನಾಲ್ಕನೇ ಚಳಿಗಾಲ. ನಿಮ್ಮ ಎರಡು ನಂಬರೂ ನಿಜ, ಆದರೆ ಬೇರೆ ಬೇರೆ ವಿಷಯ ಹೇಳುತ್ತವೆ. ಮೈನಸ್ 28 ನಿಮ್ಮ ಕಾರಿಗೆ. ಮೈನಸ್ 41 ನಿಮ್ಮ ಮುಖಕ್ಕೆ. ಇಷ್ಟು ತಿಳಿದರೆ ಅರ್ಧ ಗೊಂದಲ ಮುಗಿಯಿತು.

ಹೇಗೆ ಅಂದರೆ, ನಮ್ಮ ಮೈ ಸುತ್ತ ಮೈಬಿಸಿಯ ತೆಳ್ಳನೆ ಗಾಳಿಯ ಪದರ ಇರುತ್ತದೆ. ಗಾಳಿ ಬೀಸಿದರೆ ಅದು ಹಾರಿಹೋಗುತ್ತದೆ, ಮತ್ತೆ ಕಟ್ಟಿಕೊಳ್ಳೋಕೆ ಬಿಡುವುದಿಲ್ಲ. ಬಿಸಿ ಕಾಫಿ ಊದಿದ ಹಾಗೆ. ಆ ಲೆಕ್ಕವೇ ವಿಂಡ್ ಚಿಲ್. ಈಗ ಬಳಸುವ ಸೂತ್ರವನ್ನು ಕೆನಡಾ ಮತ್ತು ಅಮೆರಿಕ 2001ರಲ್ಲಿ ಜಾರಿಗೆ ತಂದವು. ಜನರನ್ನು ತಣ್ಣನೆಯ ಗಾಳಿ ಬೀಸುವ ಕೋಣೆಯಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸಿ, ಮುಖಕ್ಕೆ ಸೆನ್ಸರ್ ಅಂಟಿಸಿ ನೋಡಿದ್ದರು. ಹಾಗಾಗಿ ಅದು ಮುಖದ ಲೆಕ್ಕ. ಕಾರಿಗೆ ಎಷ್ಟೇ ಗಾಳಿ ಬೀಸಿದರೂ ಅದು ಬೇಗ ತಣ್ಣಗಾಗುತ್ತದೆಯೇ ಹೊರತು ಮೈನಸ್ 28ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಉದಾಹರಣೆ ನೋಡಿ. ಮೈನಸ್ 28 ಇದ್ದು ಗಂಟೆಗೆ 5 ಕಿಲೋಮೀಟರ್ ಗಾಳಿ ಇದ್ದರೆ ವಿಂಡ್ ಚಿಲ್ ಮೈನಸ್ 33. ಅದೇ ಗಾಳಿ 20 ಆದರೆ ಮೈನಸ್ 41, ಅಂದರೆ ಮೊನ್ನೆ ನೀವು ನಿಂತಿದ್ದ ಬೆಳಿಗ್ಗೆ. 40 ಆದರೆ ಮೈನಸ್ 45. ಇದನ್ನು ಡಿಗ್ರಿ ಅಂತ ಓದುವುದಕ್ಕಿಂತ ನಿಮಿಷ ಅಂತ ಓದಿ. ಕೆನಡಾ ಹವಾಮಾನ ಇಲಾಖೆಯ ಪಟ್ಟಿ ಪ್ರಕಾರ ಮೈನಸ್ 28ರಿಂದ 39ರವರೆಗೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40ರಿಂದ 47 ಆದರೆ 5ರಿಂದ 10 ನಿಮಿಷ. ಮೈನಸ್ 55 ದಾಟಿದರೆ ಎರಡು ನಿಮಿಷವೂ ಬೇಡ. ನೀವು ಬರಿಗಿವಿಯಲ್ಲಿ 12 ನಿಮಿಷ ನಿಂತಿದ್ದೀರಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಆ ಸೂರ್ಯನ ಚಿತ್ರ ಇದೆಯಲ್ಲ, ಅದಕ್ಕೆ ನಾನೂ ಮೊದಲ ವರ್ಷ ಮೋಸ ಹೋಗಿದ್ದೆ. ನಮ್ಮ ಕಡೆ ಬಿಸಿಲು ಅಂದರೆ ಬೆಚ್ಚಗೆ. ಇಲ್ಲಿ ಜನವರಿಯಲ್ಲಿ ಆಕಾಶ ತಿಳಿಯಾಗಿದೆ ಅಂದರೆ ಹೆದರಬೇಕು. ಮೋಡ ಭೂಮಿಗೆ ಕಂಬಳಿ ಇದ್ದ ಹಾಗೆ. ಉತ್ತರದಿಂದ ಒಣ ಗಾಳಿ ಇಳಿದು ಬಂದು ಮೋಡ ಸರಿದರೆ, ನೆಲದ ಬಿಸಿ ರಾತ್ರಿಯಿಡೀ ಮೇಲೆ ಹಾರಿಹೋಗುತ್ತದೆ. ಹಿಮ ಸುರಿಯುವ ದಿನ ಮೈನಸ್ 8 ಇರುತ್ತದೆ, ಮಕ್ಕಳು ಆರಾಮಾಗಿ ಆಡುತ್ತಿರುತ್ತಾರೆ. ಮಾರನೇ ದಿನ ನೀಲಿ ಆಕಾಶ, ಮೈನಸ್ 30. ಇದು ಗೊತ್ತಾದ ಮೇಲೆ ನಾನು ಆ ಚಿತ್ರ ನೋಡುವುದನ್ನೇ ಬಿಟ್ಟೆ. ಗಂಟೆಗಂಟೆಯ ಪಟ್ಟಿ ತೆಗೆದು, ಮೊದಲು ಗಾಳಿಯ ವೇಗ, ಆಮೇಲೆ ವಿಂಡ್ ಚಿಲ್, ಕೊನೆಗೆ ಉಳಿದದ್ದು.

ಇನ್ನೊಂದು. ಬಸ್ಸಲ್ಲಿ ಓಡಾಡುವವರಿಗೆ ಹವಾಮಾನದ ಆಪ್‌ಗಿಂತ ಬಸ್ಸು ಎಲ್ಲಿದೆ ಅಂತ ತೋರಿಸುವ ಆಪ್ ಮುಖ್ಯ. ಎರಡು ನಿಮಿಷ ಇರುವಾಗ ಮನೆ ಬಿಡಿ. ಫೋನನ್ನು ಒಳಜೇಬಲ್ಲಿ ಮೈಗೆ ತಾಗುವಂತೆ ಇಡಿ, ಚಳಿಗೆ ಬ್ಯಾಟರಿ ಕೈಕೊಡುತ್ತದೆ.

ಹಾಸನದ_ಹೊಸಬ:

ತುಂಬಾ ಥ್ಯಾಂಕ್ಸ್ ಮಾವ (ಹೆಸರಲ್ಲೇ ಮಾವ ಅಂತಿದೆ, ಹಾಗೇ ಕರೀತೀನಿ). ಕಿವಿ ಪರವಾಗಿಲ್ಲ, ಸಿಪ್ಪೆ ಏಳುತ್ತಿದೆ ಅಷ್ಟೇ. ಮುಂದಿನ ವಾರ ಹಳೆಯ ಕಾರೊಂದು ತೆಗೆದುಕೊಳ್ಳುತ್ತಿದ್ದೇನೆ. ಅದರ ಮುಂದೆ ಬಂಪರ್ ಕೆಳಗಿಂದ ಒಂದು ಕರೆಂಟ್ ಪ್ಲಗ್ ನೇತಾಡುತ್ತಿದೆ. ಎಲೆಕ್ಟ್ರಿಕ್ ಕಾರಾ ಅಂತ ಕೇಳಿದ್ದಕ್ಕೆ ಮಾರುವವನು ಐದು ನಿಮಿಷ ನಕ್ಕ.

ಮ್ಯಾನಿಟೋಬ_ಮಾವ:

ಹಹ್ಹ. ಅದು ಬ್ಲಾಕ್ ಹೀಟರ್. ಈ ಚಳಿಗೆ ಇಂಜಿನ್ ಆಯಿಲ್ ಜೇನುತುಪ್ಪದ ಹಾಗೆ ಮಂದ ಆಗುತ್ತದೆ, ಬ್ಯಾಟರಿಗೂ ಶಕ್ತಿ ಇರುವುದಿಲ್ಲ. ರಾತ್ರಿ ಆ ವೈರನ್ನು ಪ್ಲಗ್‌ಗೆ ಹಾಕಿದರೆ ಇಂಜಿನ್ ಸುತ್ತ ಇರುವ ಕೂಲಂಟ್ ಬೆಚ್ಚಗಿರುತ್ತದೆ. ಇಲ್ಲಿ ಪಾರ್ಕಿಂಗ್ ಜಾಗದಲ್ಲೆಲ್ಲ ಕಂಬದ ಮೇಲೆ ಪ್ಲಗ್ ಪಾಯಿಂಟ್ ಕಾಣುತ್ತಲ್ಲ, ಅದಕ್ಕೇ. ರಾತ್ರಿಯಿಡೀ ಬೇಕಿಲ್ಲ, ಒಂದು ಟೈಮರ್ ತಂದು ಹೊರಡುವ ನಾಲ್ಕು ಗಂಟೆ ಮುಂಚೆ ಶುರುವಾಗುವಂತೆ ಇಟ್ಟರೆ ಸಾಕು. ಇದಕ್ಕೆ ನೋಡಬೇಕಾದ್ದು ಬರಿ ಉಷ್ಣಾಂಶ, ವಿಂಡ್ ಚಿಲ್ ಅಲ್ಲ. ನಾನು ರಾತ್ರಿ ಮೈನಸ್ 15ಕ್ಕಿಂತ ಕೆಳಗೆ ಹೋಗುತ್ತೆ ಅಂದರೆ ಪ್ಲಗ್ ಹಾಕುತ್ತೇನೆ.

ಡಿಕ್ಕಿಯಲ್ಲಿ ಕಂಬಳಿ, ಟಾರ್ಚು, ಸಲಿಕೆ, ಒಂದು ಜೊತೆ ಹೆಚ್ಚಿನ ಗ್ಲೌಸ್ ಇರಲಿ. ಪೆಟ್ರೋಲ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಊರ ಹೊರಗೆ ಕಾರು ನಿಂತರೆ ಇಳಿದು ನಡೆಯಬೇಡಿ, ಕಾರಲ್ಲೇ ಇರಿ. ಸುಮ್ನೆ ಹೆದರಿಸುತ್ತಿಲ್ಲ. 2022ರ ಜನವರಿಯಲ್ಲಿ ಇಲ್ಲೇ ದಕ್ಷಿಣಕ್ಕೆ, ಎಮರ್ಸನ್ ಹತ್ತಿರ, ಅಮೆರಿಕದ ಗಡಿಗೆ ನಡೆದು ಹೊರಟ ಗುಜರಾತಿನ ಒಂದು ಕುಟುಂಬದ ನಾಲ್ವರು ಚಳಿಗೆ ಸತ್ತರು. ಇಬ್ಬರು ಮಕ್ಕಳು. ಆ ರಾತ್ರಿ ಗಾಳಿ ಸೇರಿ ಮೈನಸ್ 35ರ ಆಸುಪಾಸು ಇತ್ತು. ಬಯಲಲ್ಲಿ ಗಾಳಿಗೆ ಅಡ್ಡ ಒಂದು ಮರ ಕೂಡ ಇಲ್ಲ.

ಮೋಡ_ನೋಡುವವ:

ಮಾವ ಹೇಳಿದ್ದು ಸರಿ, ಆದರೆ ಒಂದು ತಿದ್ದುಪಡಿ. 'ಫೀಲ್ಸ್ ಲೈಕ್' ಅಂತ ಬರೆದಿದ್ದೆಲ್ಲ ವಿಂಡ್ ಚಿಲ್ ಅಲ್ಲ. ಕೆನಡಾ ಸರ್ಕಾರದ ವೆದರ್‌ಕ್ಯಾನ್ ಆಪ್ ಆ 2001ರ ಸೂತ್ರವನ್ನೇ ಬಳಸುತ್ತದೆ. ಕೆಲವು ಖಾಸಗಿ ಆಪ್‌ಗಳು ಬಿಸಿಲು, ತೇವಾಂಶ ಎಲ್ಲ ಸೇರಿಸಿ ತಮ್ಮದೇ ಲೆಕ್ಕ ಹಾಕುತ್ತವೆ, ಉದಾಹರಣೆಗೆ ಅಕ್ಯುವೆದರ್‌ನ ರಿಯಲ್‌ಫೀಲ್. ಅದು ತಪ್ಪು ಅಂತಲ್ಲ. ಆದರೆ ಮಾವ ಕೊಟ್ಟ ನಿಮಿಷಗಳ ಪಟ್ಟಿಗೆ ಆ ನಂಬರ್ ಹೊಂದಿಸಬೇಡಿ, ಎರಡೂ ಬೇರೆ ಅಳತೆಗೋಲು.

ಈಗ ಮೈನಸ್ 28, ಮೈನಸ್ 24 ಯಾಕೆ ಬೇರೆ ಬಂತು? ಎರಡು ಕಾರಣ. ಒಂದು, ಆಪ್ ಯಾವ ಜಾಗದ ಅಳತೆ ತೋರಿಸುತ್ತಿದೆ ಅನ್ನೋದು. ವಿನ್ನಿಪೆಗ್‌ನಲ್ಲಿ ಏರ್‌ಪೋರ್ಟ್ ಹತ್ತಿರ ಒಂದು ಕೇಂದ್ರ ಇದೆ, ನಗರದ ಮಧ್ಯೆ ದಿ ಫೋರ್ಕ್ಸ್‌ನಲ್ಲಿ ಇನ್ನೊಂದಿದೆ. ಏರ್‌ಪೋರ್ಟ್ ಬಯಲು. ಊರೊಳಗೆ ಕಟ್ಟಡಗಳ ಬಿಸಿ ಇರುತ್ತದೆ, ಹಾಗಾಗಿ ತಿಳಿಯಾದ ರಾತ್ರಿಗಳಲ್ಲಿ ಎರಡಕ್ಕೂ ಕೆಲವು ಡಿಗ್ರಿ ವ್ಯತ್ಯಾಸ ಸಾಮಾನ್ಯ. ಎರಡನೆಯದು, ಹಿಂದೆ ಓಡುವ ಮಾಡೆಲ್, ಅಂದರೆ ಮುಂದಿನ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ. ಯುರೋಪಿನದು ಒಂದು, ಅಮೆರಿಕದ ಜಿಎಫ್‌ಎಸ್ ಒಂದು, ಕೆನಡಾದ್ದೇ ಜೆಮ್ ಅಂತ ಇನ್ನೊಂದು. ಎಲ್ಲವೂ ಭೂಮಿಯನ್ನು ಚೌಕಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಯುರೋಪಿನ ಮಾಡೆಲ್‌ನಲ್ಲಿ ಒಂದು ಚೌಕ ಸುಮಾರು 9 ಕಿಲೋಮೀಟರ್. ಅಂದರೆ ನಿಮ್ಮ ಬಸ್ ಸ್ಟಾಪು, ನದಿ, ಪಕ್ಕದ ಬಯಲು ಎಲ್ಲ ಒಂದೇ ನಂಬರಿನೊಳಗೆ.

ವಿಪರೀತ ಚಳಿಯಲ್ಲಿ ಮಾಡೆಲ್‌ಗಳು ಎಡವುವುದಕ್ಕೆ ಇನ್ನೊಂದು ಕಾರಣ ಇದೆ. ಸಾಮಾನ್ಯವಾಗಿ ಮೇಲೆ ಹೋದಷ್ಟೂ ತಣ್ಣಗಾಗುತ್ತದೆ. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಇದು ತಲೆಕೆಳಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ನೀರಿನ ಹಾಗೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಬೆಚ್ಚನೆ ಗಾಳಿ ಮೇಲೆ ಮುಚ್ಚಳ ಹಾಕಿದಂತೆ ಕೂರುತ್ತದೆ. ಆ ತೆಳು ಪದರವನ್ನು ಮಾಡೆಲ್ ಸರಿಯಾಗಿ ಹಿಡಿಯದಿದ್ದರೆ ಐದು, ಹತ್ತು ಡಿಗ್ರಿ ತಪ್ಪುವುದು ದೊಡ್ಡ ವಿಷಯವೇ ಅಲ್ಲ. ಸೈಬೀರಿಯಾದ ಒಯ್ಮ್ಯಾಕೋನ್ ಅನ್ನೋ ಹಳ್ಳಿ ವಿಪರೀತ ಕೊರೆಯುವುದಕ್ಕೂ ಇದೇ ಕಾರಣ, ಅದು ಬೆಟ್ಟಗಳ ನಡುವಿನ ಬಟ್ಟಲು. 1933ರ ಫೆಬ್ರವರಿಯಲ್ಲಿ ಅಲ್ಲಿ ಮೈನಸ್ 67.7 ದಾಖಲಾಗಿದೆ. ಪಾದರಸವೇ ಮೈನಸ್ 39ರ ಹತ್ತಿರ ಗಟ್ಟಿಯಾಗಿಬಿಡುತ್ತದೆ, ಆಲ್ಕೋಹಾಲ್ ಥರ್ಮಾಮೀಟರೇ ಬೇಕು.

ಇಲ್ಲೊಂದು ತಮಾಷೆ ಇದೆ. ಅದೇ ಸೈಬೀರಿಯಾದ ಯಾಕುಟ್ಸ್ಕ್ ನಗರದಲ್ಲಿ ಜನವರಿಯಲ್ಲಿ ಮೈನಸ್ 40 ಅನ್ನೋದು ದಿನನಿತ್ಯದ ಮಾತು, ಆದರೆ ಗಾಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗಾಳಿ ಎಷ್ಟು ಸ್ತಬ್ಧ ಅಂದರೆ ಕಾರಿನ ಹೊಗೆ, ಮನೆಗಳ ಹಬೆ, ಜನರ ಉಸಿರು ಎಲ್ಲ ಹೆಪ್ಪುಗಟ್ಟಿ ಮಂಜಾಗಿ ಬೀದಿಯಲ್ಲೇ ನಿಲ್ಲುತ್ತದೆ, ಎದುರಿನ ಕಟ್ಟಡ ಕಾಣುವುದಿಲ್ಲ. ಸಂತೆಯಲ್ಲಿ ಮೀನನ್ನು ಸೌದೆ ಜೋಡಿಸಿದ ಹಾಗೆ ನಿಲ್ಲಿಸಿ ಮಾರುತ್ತಾರೆ, ಫ್ರಿಡ್ಜ್ ಯಾಕೆ ಬೇಕು? ಅಲ್ಲಿನವರು ವಿಂಡ್ ಚಿಲ್ ಬಗ್ಗೆ ನಮ್ಮಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊನ್ನೆ ನಿಮ್ಮ ಮುಖಕ್ಕೆ ತಗುಲಿದ್ದು ಹೆಚ್ಚುಕಡಿಮೆ ಯಾಕುಟ್ಸ್ಕ್ ಚಳಿಯೇ, ಆದರೆ ಅಮ್ಮನಿಗೆ ಹಾಗೆ ಹೇಳಬೇಡಿ.

ಹತ್ತು ದಿನದ ಮುನ್ಸೂಚನೆ ಬಗ್ಗೆ ನನ್ನ ಅಭಿಪ್ರಾಯ: ಮೂರು ದಿನದವರೆಗೆ ನಂಬಿ ಪ್ಲಾನ್ ಮಾಡಿ. ಐದು ದಿನಕ್ಕೆ 'ಚಳಿ ಏರುತ್ತದಾ, ಇಳಿಯುತ್ತದಾ' ಅಂತ ನೋಡಿ. ಅದರಾಚೆ ಎರಡು ಆಪ್ 14 ಡಿಗ್ರಿ ಜಗಳ ಆಡುತ್ತಿವೆ ಅಂದರೆ, ಆರ್ಕ್‌ಟಿಕ್ ಗಾಳಿ ಆ ದಿನದ ಹೊತ್ತಿಗೆ ನಿಮ್ಮೂರು ಮುಟ್ಟುತ್ತದೋ ಇಲ್ಲವೋ ಅಂತ ಯಾರಿಗೂ ಇನ್ನೂ ಗೊತ್ತಿಲ್ಲ ಅಂತ ಅರ್ಥ. ಆ ಜಗಳವೇ ನಿಮಗೆ ಸಿಕ್ಕ ಸುದ್ದಿ. ಕೆಟ್ಟ ನಂಬರಿಗೆ ತಯಾರಾಗಿ.

ಸಾಸ್ಕಟೂನ್_ಅಕ್ಕ:

ಗಂಡಸರೆಲ್ಲ ಸೇರಿ ಸೂತ್ರ, ಇಂಜಿನ್ ಅಂತ ಮಾತಾಡಿದ್ದಾಯಿತು, ಮಗು ಬರುತ್ತಿದೆ ಅಂದಿದ್ದನ್ನು ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ 😀

ನೋಡಿ ತಮ್ಮ, ಮಗಳಿಗೆ ಊರಿಂದ ಸ್ವೆಟರ್ ರಾಶಿ ತರಿಸಬೇಡಿ. ಏರ್‌ಪೋರ್ಟಿಗೆ ನೀವು ಹೋಗುವಾಗಲೇ ಇಲ್ಲಿಯ ಸ್ನೋ ಪ್ಯಾಂಟು, ದಪ್ಪ ಜಾಕೆಟ್, ಬೂಟು ಕೊಂಡು ತೆಗೆದುಕೊಂಡು ಹೋಗಿ. ಬೂಟು ಒಂದು ಸೈಜ್ ದೊಡ್ಡದೇ ಇರಲಿ, ಬಿಗಿಯಾದರೆ ಕಾಲು ಇನ್ನೂ ಬೇಗ ತಣ್ಣಗಾಗುತ್ತದೆ. ಕೈಗೆ ಐದು ಬೆರಳಿನ ಗ್ಲೌಸ್ ಬೇಡ, ಮಿಟನ್ಸ್ ತೆಗೆದುಕೊಳ್ಳಿ, ಬೆರಳೆಲ್ಲ ಒಟ್ಟಿಗಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ. ಮೂರು ಜೊತೆ ಕೊಳ್ಳಿ. ಒಂದು ಕಳೆಯುತ್ತದೆ, ಒಂದು ಒದ್ದೆಯಾಗಿರುತ್ತದೆ.

ಶಾಲೆ ವಿಷಯ. ನಮ್ಮ ಕಡೆ ಮಳೆ ಜೋರಾದರೆ ರಜೆ, ಅಲ್ವಾ? ಇಲ್ಲಿ ಚಳಿಗೆ ಶಾಲೆ ಮುಚ್ಚೋದು ಕಡಿಮೆ. ವಿಂಡ್ ಚಿಲ್ ಮೈನಸ್ 28ರ ಆಚೆ ಈಚೆ ಆದರೆ ಬಿಡುವಿನ ವೇಳೆಯಲ್ಲಿ ಮಕ್ಕಳನ್ನು ಹೊರಗೆ ಬಿಡದೆ ಒಳಗೇ ಆಡಿಸುತ್ತಾರೆ. ಶಾಲೆಯಿಂದ ಶಾಲೆಗೆ ವ್ಯತ್ಯಾಸ ಇರುತ್ತೆ, ಕೇಳಿಕೊಳ್ಳಿ. ಅದಕ್ಕಿಂತ ಬೆಚ್ಚಗಿದ್ದರೆ ಮೈನಸ್ 20ರಲ್ಲೂ ಹೊರಗೇ ಆಟ. ಮೊದಲ ಸಲ ನನ್ನ ಮಗನನ್ನು ಹಾಗೆ ಬಿಟ್ಟಾಗ ನಾನು ಅತ್ತಿದ್ದೆ, ಅವನು ಮನೆಗೆ ಬರಲ್ಲ ಅಂತ ಅತ್ತಿದ್ದ.

ಮನೆಯೊಳಗೆ ಇನ್ನೊಂದು ಕಾಟ. ತಣ್ಣನೆ ಗಾಳಿಯಲ್ಲಿ ನೀರಿನಂಶವೇ ಇರುವುದಿಲ್ಲ, ಅದನ್ನು ಹೀಟರ್ ಬಿಸಿ ಮಾಡಿದರೆ ಮನೆ ಹಪ್ಪಳದ ಹಾಗೆ ಒಣಗುತ್ತದೆ. ತುಟಿ ಒಡೆಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಮಕ್ಕಳಿಗೆ ಮೂಗಿನಿಂದ ರಕ್ತ ಬರುತ್ತದೆ. ನಿಮ್ಮ ಹೆಂಡತಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಹ್ಯುಮಿಡಿಫೈಯರ್ ಒಂದು ತನ್ನಿ. ಮೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಅದು ಬಾಟಲಿಯಲ್ಲಿ ಕಲ್ಲಾಗಿರುತ್ತದೆ, ಬಿಸಿನೀರಲ್ಲಿ ಇಡಬೇಕು.

ದೋಸೆ ಹಿಟ್ಟು ಹುಳಿ ಬರಲ್ಲ ಅಂತ ಇನ್ನೆರಡು ವಾರದಲ್ಲಿ ನೀವೇ ಇಲ್ಲಿ ಬಂದು ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಓವನ್ ಹಚ್ಚಬೇಡಿ, ಒಳಗಿನ ಲೈಟ್ ಮಾತ್ರ ಹಾಕಿ, ಪಾತ್ರೆ ಇಟ್ಟು ಬಾಗಿಲು ಮುಚ್ಚಿ. ಬೆಳಿಗ್ಗೆ ಉಕ್ಕಿರುತ್ತದೆ. ಓವನ್ ಮೇಲೆ 'ಒಳಗೆ ಹಿಟ್ಟಿದೆ' ಅಂತ ಚೀಟಿ ಅಂಟಿಸಿ. ನಮ್ಮನೆಯವರು ಒಮ್ಮೆ ನೋಡದೆ 200 ಡಿಗ್ರಿಗೆ ಆನ್ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕೇಕ್ ಮಾಡಿದ್ದರು.

ಮಾಜಿ_ಹವಾಲ್ದಾರ್:

ತಮ್ಮಾ, ನಾನು ಕೆನಡಾ ನೋಡಿಲ್ಲ. ಧಾರವಾಡ ಕಡೆಯವನು, ಫೌಜಿನಲ್ಲಿದ್ದಾಗ ಎರಡು ಸಲ ಲಡಾಖಿನಲ್ಲಿ ಚಳಿಗಾಲ ಕಳೆದೆ, ಅದರಲ್ಲಿ ಒಂದು ದ್ರಾಸ್‌ನಲ್ಲಿ. ಆಗ ನಮ್ಮ ಕೈಯಲ್ಲಿ ಆಪ್ ಇರಲಿಲ್ಲ. ಹವಾಮಾನ ರೇಡಿಯೋದಲ್ಲಿ ಬರುತ್ತಿತ್ತು, ಉಳಿದದ್ದು ಹಳಬರು ಕಣ್ಣಲ್ಲೇ ನೋಡಿ ಹೇಳುತ್ತಿದ್ದರು, ಶಿಖರದ ತುದಿಯಿಂದ ಹಿಮ ಹೊಗೆಯ ಹಾಗೆ ಹಾರುತ್ತಿದ್ದರೆ ಮೇಲೆ ಗಾಳಿ ಭಾಳ ಅಂತ.

ನಿನ್ನ ಕಿವಿ ಉರಿ ನಿಂತಾಗ ಖುಷಿಪಟ್ಟೆ ಅಂದೆಯಲ್ಲ, ಅದನ್ನೋದಿ ಎದೆ ಝಲ್ ಅಂತು. ಥಂಡಿಯಲ್ಲಿ ನೋವು ಇರುವವರೆಗೂ ಒಳ್ಳೆಯದು. ನೋವು ನಿಂತರೆ ಕೆಟ್ಟದ್ದು. ನಮಗೆ ಜೋಡಿ ಜೋಡಿ ಮಾಡಿಬಿಡುತ್ತಿದ್ದರು, ನನ್ನ ಮುಖ ಅವನು ನೋಡಬೇಕು, ಅವನದು ನಾನು. ಮೂಗು, ಕೆನ್ನೆ, ಕಿವಿಯಲ್ಲಿ ಬಿಳಿ ಮಚ್ಚೆ ಕಂಡರೆ ತಕ್ಷಣ ಒಳಗೆ. ತನ್ನ ಮುಖ ತನಗೆ ಕಾಣುವುದಿಲ್ಲ ನೋಡು. ನಿನ್ನ ಮಗಳಿಗೆ ಇದನ್ನೇ ಆಟ ಮಾಡಿ ಕಲಿಸು.

ಮರಗಟ್ಟಿದ ಜಾಗ ತಿಕ್ಕಬೇಡ. ಹಿಮ ಹಚ್ಚಿ ತಿಕ್ಕು ಅಂತ ಹೇಳುವವರಿದ್ದಾರೆ, ಕೇಳಬೇಡ, ಚರ್ಮ ಹರಿದುಹೋಗುತ್ತದೆ. ಬೆಂಕಿಗೂ ಹಿಡಿಯಬೇಡ, ಸ್ಪರ್ಶ ಇರುವುದಿಲ್ಲವಾದ್ದರಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರು ಬೆಚ್ಚಗಿನ ನೀರು ಸಾಕು. ಬರಿಗೈಯಲ್ಲಿ ಕಬ್ಬಿಣ ಮುಟ್ಟಬೇಡ, ಅಂಟಿಕೊಳ್ಳುತ್ತದೆ. ಬೆವರುವಷ್ಟು ಬಟ್ಟೆ ಹೇರಿಕೊಂಡು ಓಡಬೇಡ, ಬೆವರು ತಣ್ಣಗಾದರೆ ಬರಿಮೈಗಿಂತ ಕಡೆ.

ಬಿಸಿಬೇಳೆ_ಬೆಂಗಳೂರು:

ಇದನ್ನೆಲ್ಲ ಓದಿ ಸ್ವೆಟರ್ ಹಾಕಿಕೊಂಡೆ. ಇಲ್ಲಿ 15 ಡಿಗ್ರಿ ಆದರೆ ನಾವು ಮಂಕಿ ಕ್ಯಾಪ್ ಹುಡುಕುತ್ತೇವೆ. ಬೆಂಗಳೂರಿನ ದಾಖಲೆ ಚಳಿ ಅಂದರೆ 1884ರ ಜನವರಿಯಲ್ಲಿ 7.8 ಡಿಗ್ರಿ, ಅದೂ ಪ್ಲಸ್. ನಿಮ್ಮ ಫ್ರಿಡ್ಜ್ ಒಳಗೆ ಇನ್ನೂ ತಣ್ಣಗಿರುತ್ತದೆ.

ಹಾಸನದ_ಹೊಸಬ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ. ಮೈನಸ್ 12 ಅಂದಿದ್ದ ಆಪ್ ಐದು ದಿನ ಇರುವಾಗ ಮೈನಸ್ 20ಕ್ಕೆ ಇಳಿಯಿತು, ಎರಡು ದಿನ ಇರುವಾಗ ಮೈನಸ್ 29. ವಿಮಾನ ಇಳಿದಾಗ ಮೈನಸ್ 31, ಗಾಳಿ 10 ಕಿಲೋಮೀಟರ್, ವಿಂಡ್ ಚಿಲ್ ಮೈನಸ್ 40, ಆಕಾಶ ತೊಳೆದ ಹಾಗೆ. ಕೆಟ್ಟ ನಂಬರಿಗೆ ತಯಾರಾಗಿದ್ದೆ, ಅಕ್ಕ ಹೇಳಿದ ಹಾಗೆ ಬಟ್ಟೆಯ ಮೂಟೆ ಹೊತ್ತು ಏರ್‌ಪೋರ್ಟಿಗೆ ಹೋಗಿದ್ದೆ. ಮಗಳು ಬಾಗಿಲು ದಾಟಿ ಮೊದಲ ಉಸಿರು ಎಳೆದವಳೇ 'ಅಪ್ಪಾ, ಮೂಗೊಳಗೆ ಯಾರೋ ಅಂಟು ಹಾಕಿದ್ರು' ಅಂದಳು. ಆಮೇಲೆ ತಲೆಯೆತ್ತಿ ನೋಡಿ, 'ಇಲ್ಲಿ ಮೂರು ಸೂರ್ಯ ಇದೆ' ಅಂತ ಕೂಗಿದಳು. ನಿಜಕ್ಕೂ ಇತ್ತು, ಸೂರ್ಯನ ಎಡಕ್ಕೊಂದು ಬಲಕ್ಕೊಂದು ಹೊಳೆಯುವ ತುಂಡು. ಗಾಳಿಯಲ್ಲಿ ತೇಲುವ ಮಂಜಿನ ಹರಳುಗಳ ಆಟವಂತೆ, ಇಲ್ಲಿಯವರು ಸನ್ ಡಾಗ್ ಅಂತಾರೆ.

ಹವಾಲ್ದಾರ್ ಸರ್, ಮುಖ ನೋಡುವ ಆಟ ಕಲಿಸಿದೆ. ಈಗ ಅವಳು ಬಸ್ ಸ್ಟಾಪಿನಲ್ಲಿ ಗುರುತಿಲ್ಲದವರ ಮೂಗನ್ನೂ ತಪಾಸಣೆ ಮಾಡುತ್ತಾಳೆ. ಹಿಟ್ಟು ಓವನ್ ಲೈಟಿಗೆ ಚೆನ್ನಾಗಿ ಉಕ್ಕಿತು, ಚೀಟಿ ಅಂಟಿಸಿದ್ದೇವೆ.

ಅಮ್ಮನಿಗೆ ಕಾರಿನ ನಂಬರು, ಮುಖದ ನಂಬರು ಅಂತ ಬಿಡಿಸಿ ಹೇಳಿದೆ. ಈಗ ಬದುಕಿದ್ದೀಯೇನೋ ಅಂತ ಕೇಳುವುದಿಲ್ಲ. ನಿನ್ನೆ ಫೋನ್ ಮಾಡಿ, 'ನಾಳೆ ಗಾಳಿ 30 ಅಂತಿದೆ, ಮಗುಗೆ ಕಿವಿ ಮುಚ್ಚಿಸು, ಸೂರ್ಯನ ಚಿತ್ರ ನಂಬಬೇಡ' ಅಂದಳು. ಹಾಸನದಲ್ಲಿ ಕೂತು.

ಮ್ಯಾನಿಟೋಬ_ಮಾವ:

ಭೇಷ್! ಒಂದು ಹೇಳೋದು ಮರೆತಿದ್ದೆ. ಬೆಳಿಗ್ಗೆ ಅವಸರದಲ್ಲಿ ಕಾರು ಹಿಂದಕ್ಕೆ ತೆಗೆಯುವ ಮೊದಲು ಪ್ಲಗ್ ಕಿತ್ತಿದ್ದೀರಾ ಅಂತ ಒಂದು ಸಲ ನೋಡಿಕೊಳ್ಳಿ.

ಹಾಸನದ_ಹೊಸಬ:

ತಡವಾಗಿ ಹೇಳಿದಿರಿ ಮಾವ. ಮಂಗಳವಾರವೇ ವೈರ್ ಎಳೆದುಕೊಂಡು ಎರಡು ಬೀದಿ ಹೋಗಿದ್ದೆ.